ತೋಳುಪಟ್ಟಿಯ ಬಿಪಿ ಯಂತ್ರ: ತಲೆಸುತ್ತು, ಜೋಮು ಶುರುವಾದ ಮನೆಯಲ್ಲಿ ಎಷ್ಟು ಉಪಯೋಗ?

ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಹೊಸದಾಗಿ ತಲೆಸುತ್ತು, ಕೈಕಾಲು ಜೋಮು, ನಡೆಯುವಾಗ ತೂರಾಟ, ಮಾತಿನ ಮಧ್ಯೆ ಗೊಂದಲ ಕಾಣಿಸಿಕೊಂಡರೆ ಮಲೆನಾಡಿನ ಮನೆಗಳಲ್ಲಿ ಮೊದಲು ಬರುವ ಮಾತು "ಬಿಪಿ ಜಾಸ್ತಿಯಾಗಿರಬೇಕು" ಎಂಬುದು. ಅದರ ಬೆನ್ನಿಗೇ ಇನ್ನೊಂದು ಮಾತ್ರೆ ನುಂಗಿಸುವುದೂ ಉಂಟು. ಎಷ್ಟೋ ಸಲ ಸಂಗತಿ ತಿರುಗುಮುರುಗಾಗಿರುತ್ತದೆ: ಎದ್ದು ನಿಂತಾಗ ಬಿಪಿ ಕುಸಿಯುತ್ತಿರುತ್ತದೆ, ಇಲ್ಲವೇ ಮಾತ್ರೆಯಿಂದ ರಕ್ತದ ಸೋಡಿಯಂ ಇಳಿದಿರುತ್ತದೆ, ಇಲ್ಲವೇ ತೊಂದರೆಗೂ ಬಿಪಿಗೂ ಸಂಬಂಧವೇ ಇರುವುದಿಲ್ಲ. ಇದನ್ನು ಬಿಡಿಸಿ ನೋಡಲು ಮನೆಯಲ್ಲಿ ಒಂದು ಯಂತ್ರ ಇರಬೇಕೇ, ಯಾವುದು ಇರಬೇಕು, ಅದನ್ನು ಹೇಗೆ ಬಳಸಬೇಕು ಎಂಬುದಕ್ಕೆ ಈ ವಿಮರ್ಶೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ನಿಧಾನವಾಗಿ ಬಂದ ತೊಂದರೆಗೆ ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಕೊಡುತ್ತದೆ, ನಿಂತುಕೊಂಡೂ ಅಳೆದರೆ ಮಾತ್ರ. ಇದ್ದಕ್ಕಿದ್ದಂತೆ ಬಂದ ತೊಂದರೆಗೆ ಆ ಯಂತ್ರವನ್ನು ಮುಟ್ಟಲೇಬಾರದು.

ಮುಟ್ಟಬಾರದ ಸಂದರ್ಭದಿಂದಲೇ ಶುರು ಮಾಡೋಣ. ಬಾಯಿ ಒಂದು ಕಡೆ ಸೊಟ್ಟಗಾಯಿತು, ಒಂದು ಬದಿಯ ಕೈ ಅಥವಾ ಕಾಲು ಸೋತಿತು, ನಾಲಿಗೆ ತೊದಲಿತು, ಎದುರಿನವರ ಮಾತು ಅರ್ಥವಾಗುತ್ತಿಲ್ಲ, ಒಂದು ಕಣ್ಣು ಮಂಜಾಯಿತು, ಹಿಂದೆಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಎರಗಿತು, ನಿಲ್ಲಲಾಗದಷ್ಟು ತೂರಾಟ ಬಂತು: ಇವುಗಳಲ್ಲಿ ಒಂದಿದ್ದರೂ ಸ್ಟ್ರೋಕ್ (ಲಕ್ವ) ಎಂದೇ ತಿಳಿದು ಹೊರಡಬೇಕು. ಇಂಥ ಹೊತ್ತಿನಲ್ಲಿ ಯಂತ್ರ 130/80 ತೋರಿಸಿದರೆ ಮನೆಯವರು ಸಮಾಧಾನಪಟ್ಟು ಕೂರುತ್ತಾರೆ. 200/110 ತೋರಿಸಿದರೆ ಗಾಬರಿಯಿಂದ ಮಾತ್ರೆ ನುಂಗಿಸುತ್ತಾರೆ. ಎರಡೂ ಅಪಾಯ. ರಕ್ತನಾಳ ಕಟ್ಟಿಕೊಂಡ ಸ್ಟ್ರೋಕಿನಲ್ಲಿ ಬಿಪಿ ಏರುವುದು ಸಾಮಾನ್ಯ. ರಕ್ತ ಸಾಲದೆ ಒದ್ದಾಡುತ್ತಿರುವ ಮಿದುಳಿನ ಭಾಗ ಆ ಏರಿದ ಒತ್ತಡದಲ್ಲೇ ಉಸಿರು ಹಿಡಿದಿರುತ್ತದೆ. ಅದನ್ನು ಮನೆಯಲ್ಲಿ ಇಳಿಸಿದರೆ ಹಾನಿ ಹರಡುತ್ತದೆ. ಬಿಪಿ ಇಳಿಸಲು ನಾಲಿಗೆಯಡಿ ನಿಫೆಡಿಪಿನ್ ಮಾತ್ರೆ ಇಡುವ ಹಳೇ ಪದ್ಧತಿಯನ್ನು ವೈದ್ಯಲೋಕ ಕೈಬಿಟ್ಟಿರುವುದು ಇದೇ ಕಾರಣಕ್ಕೆ, ಒತ್ತಡ ದಿಢೀರನೆ ಎಲ್ಲಿಗೆ ಬೀಳುತ್ತದೆಂದು ಹೇಳಲಾಗದು. ಆಸ್ಪಿರಿನ್ ಕೂಡ ಬೇಡ. ರಕ್ತಸ್ರಾವವೋ ಕಟ್ಟುವಿಕೆಯೋ ಎಂದು ಸಿಟಿ ಸ್ಕ್ಯಾನ್ ಹೇಳುವ ಮೊದಲು ಅದನ್ನು ಕೊಡುವಂತಿಲ್ಲ.

ಆಗ ಬೇಕಾದದ್ದು ಗಡಿಯಾರ. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಯಾರು, ಎಷ್ಟು ಗಂಟೆಗೆ ನೋಡಿದರು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯ ಗಡುವು. ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ತೊಂದರೆ ಕಂಡರೆ ಲೆಕ್ಕ ಶುರುವಾಗುವುದು ಮಲಗಿದ ಹೊತ್ತಿನಿಂದ. ಹಾಗೆಂದು ತಡ ಮಾಡಬಾರದು, ದೊಡ್ಡ ರಕ್ತನಾಳದ ಹೆಪ್ಪನ್ನು ಕ್ಯಾತಿಟರ್ ಎಂಬ ಸಪೂರ ಕೊಳವೆಯ ಮೂಲಕ ತೆಗೆಯುವ ಚಿಕಿತ್ಸೆಗೆ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಅವಕಾಶ ಇರುತ್ತದೆ. 108ಕ್ಕೆ ಫೋನ್ ಮಾಡುವಾಗಲೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಬೇಕೆಂದು ಹೇಳಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಶಿವಮೊಗ್ಗ ಸಹಜ ದಾರಿ, ಅಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆಯಿದೆ, ಖಾಸಗಿಯವೂ ಇವೆ. ಆಗುಂಬೆ ಸುತ್ತಿನವರಿಗೆ ಮಣಿಪಾಲ ಹತ್ತಿರ. ಆದರೆ 14 ತಿರುವುಗಳ ಆ ಘಾಟಿಯಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿದಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚ್ ಕಾಯುವ ಕಷ್ಟ ತಪ್ಪಿದೆ, ಈ ಕಾಯಿಲೆಯ ಮಟ್ಟಿಗೆ ಅದು ದೊಡ್ಡ ವಿಷಯ. ಲಕ್ವಕ್ಕೆ ನಾಟಿ ಔಷಧಿಯ ಮೇಲೆ ನಂಬಿಕೆ ಇಟ್ಟವರು ನಮ್ಮಲ್ಲಿ ಬಹಳ. ಅವರಲ್ಲಿ ಕೇಳಿಕೊಳ್ಳುವುದಿಷ್ಟೇ: ಮೊದಲ ನಾಲ್ಕು ಗಂಟೆ ಆಸ್ಪತ್ರೆಗೆ ಕೊಡಿ, ಕಳೆದುಹೋದ ಆ ಅವಧಿಯನ್ನು ಆಮೇಲೆ ಯಾರೂ ತಂದುಕೊಡಲಾರರು. ಹೊರಡುವಾಗ ಗ್ಲುಕೋಮೀಟರ್ ಇದ್ದರೆ ಒಂದು ಹನಿ ರಕ್ತ ನೋಡುವುದು ಒಳ್ಳೆಯದು, ಸಕ್ಕರೆ ತೀರಾ ಇಳಿದರೂ ಥೇಟ್ ಸ್ಟ್ರೋಕಿನಂತೆ ಕಾಣುತ್ತದೆ. ಬಾಯಿಗೆ ನೀರು, ಕಾಫಿ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಬಾಯಿ ಸೊಟ್ಟಗಾಗಿ ತಾನೇ ಸರಿಯಾಯಿತೆಂದು ಸುಮ್ಮನಿರುವುದೂ ಸಲ್ಲದು. ಅಂಥ ಮಿನಿ ಸ್ಟ್ರೋಕಿನ ನಂತರದ ಎರಡು ದಿನಗಳಲ್ಲೇ ದೊಡ್ಡದು ಬರುವ ಭಯ ಹೆಚ್ಚು, ಆವತ್ತೇ ತೋರಿಸಬೇಕು.

ಇನ್ನು ಯಂತ್ರ. ಶಿವಮೊಗ್ಗದ ಮೆಡಿಕಲ್ ಶಾಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಓಮ್ರಾನ್, ಡಾಕ್ಟರ್ ಮೊರೆಪೆನ್ ಮುಂತಾದ ಕಂಪನಿಗಳ ಮಾದರಿಗಳು, ಬೆಲೆ ಸುಮಾರು ಒಂದೂವರೆ ಸಾವಿರದಿಂದ ಮೂರೂವರೆ ಸಾವಿರ ರೂಪಾಯಿ. ಪಟ್ಟಿ ಉಬ್ಬಿ, ಗಾಳಿ ಇಳಿಯುವಾಗ ರಕ್ತನಾಳದ ಮಿಡಿತದಿಂದ ಪಟ್ಟಿಯೊಳಗೆ ಏಳುವ ಸಣ್ಣ ಕಂಪನಗಳನ್ನು ಇವು ಹಿಡಿಯುತ್ತವೆ. ಕಂಪನ ಅತಿ ಹೆಚ್ಚಾದ ಬಿಂದು ಸರಾಸರಿ ಒತ್ತಡ. ಮೇಲಿನ, ಕೆಳಗಿನ ಅಂಕಿಗಳನ್ನು ಯಂತ್ರ ಅಲ್ಲಿಂದ ಲೆಕ್ಕ ಹಾಕಿ ಕೊಡುತ್ತದೆ. ಈ ಕೆಲಸದ ರೀತಿ ತಿಳಿದರೆ ಎಲ್ಲಿ ತಪ್ಪುತ್ತದೆ ಎಂಬುದೂ ತಿಳಿಯುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುತ್ತಿದ್ದರೆ ಆ ನಡುಕವೂ ಕಂಪನವೇ, ಯಂತ್ರ ಎರರ್ ತೋರಿಸುತ್ತದೆ ಅಥವಾ ಅಡ್ಡಾದಿಡ್ಡಿ ಅಂಕಿ ಕೊಡುತ್ತದೆ. ಹೆಚ್ಚು ನಡುಗುವ ಕೈ ಬಿಟ್ಟು ಇನ್ನೊಂದಕ್ಕೆ ಕಟ್ಟಿ. ನಾಡಿ ತಾಳ ತಪ್ಪಿ ಹೊಡೆಯುವ ಏಟ್ರಿಯಲ್ ಫಿಬ್ರಿಲೇಶನ್ನಿನಲ್ಲಿ ಒಂದೊಂದು ಸಲಕ್ಕೂ ಒಂದೊಂದು ಅಂಕಿ ಬರುತ್ತದೆ. ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಹೊರಡುವ ಮುನ್ನ ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿ. ತಾಳವಿಲ್ಲದ ನಾಡಿಯಿದ್ದರೆ ಹೋಗಬೇಕಾದ ಕಡೆ ಇಸಿಜಿ. ಈ ತೊಂದರೆ ಸ್ಟ್ರೋಕಿಗೆ ದೊಡ್ಡ ಕಾರಣಗಳಲ್ಲೊಂದು. ಹಾಗಾಗಿ ತಾಳ ತಪ್ಪಿದ ನಾಡಿಗೆ ಗುರುತು ತೋರಿಸುವ ಮಾದರಿಗೆ ಕೆಲವು ನೂರು ರೂಪಾಯಿ ಹೆಚ್ಚು ಕೊಟ್ಟರೂ ಅದು ಸಾರ್ಥಕ.

ಓಮ್ರಾನ್ ಎಚ್‌ಇಎಂ-7120ರಂಥ ಸರಳ ಯಂತ್ರ ಕೊನೆಯ ಒಂದು ಅಳತೆಯನ್ನಷ್ಟೇ ನೆನಪಿಡುತ್ತದೆ. ದಿನಾ ಪುಸ್ತಕದಲ್ಲಿ ಬರೆಯುವ ಶಿಸ್ತು ಇರುವ ಮನೆಗೆ ಅದು ಸಾಕು. ವಯಸ್ಸಾದವರು ಒಬ್ಬರೇ ಇರುವ ತೋಟದ ಮನೆಗಾದರೆ 30, 60 ಅಳತೆಗಳನ್ನು ದಿನಾಂಕ, ಸಮಯದೊಂದಿಗೆ ಉಳಿಸುವ ಮಾದರಿಯನ್ನೇ ತನ್ನಿ. ಪಟ್ಟಿಯ ಅಳತೆಯಲ್ಲಿ ಮಾತ್ರ ರಾಜಿ ಬೇಡ. ಜೊತೆಗೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಭುಜಕ್ಕೂ ಮೊಣಕೈಗೂ ನಡುವೆ ಟೇಪ್ ಸುತ್ತಿ ನೋಡಿ, 32 ದಾಟಿದರೆ ದೊಡ್ಡ ಪಟ್ಟಿ ಬೇಕು. ಪಟ್ಟಿ ಚಿಕ್ಕದಾದರೆ ಬಿಪಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಮಾತ್ರೆ ಏರಿಸಿದವರೇ ಆಮೇಲೆ ತಲೆಸುತ್ತೆಂದು ಬರುವವರು. ಮಣಿಕಟ್ಟಿಗೆ ಕಟ್ಟುವವು, ಪಟ್ಟಿಯೇ ಇಲ್ಲದೆ ಬಿಪಿ ಹೇಳುವ ಕೈಗಡಿಯಾರಗಳು ಈ ಕೆಲಸಕ್ಕೆ ಬರುವುದಿಲ್ಲ.

ಕೂತು ಅಳೆಯುವ ಕ್ರಮ ಹಲವರಿಗೆ ಗೊತ್ತು, ಪಾಲಿಸುವವರು ಕಡಿಮೆ. ಕಾಫಿ, ತಂಬಾಕು ಹಾಕಿದ ಕವಳ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ಪಟ್ಟಿಯ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ, ಬರಿ ತೋಳಿನ ಮೇಲೆ. ಚಳಿಗೆ ಹಾಕಿದ ಸ್ವೆಟರ್ ತೋಳನ್ನು ಬಿಗಿಯಾಗಿ ಮೇಲೆ ಮಡಚಿದರೂ ಅಂಕಿ ಕೆಡುತ್ತದೆ. ಪಟ್ಟಿ ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಏಳೆಂಟು ಪಾಯಿಂಟ್ ಹೆಚ್ಚು ತೋರಿಸುತ್ತದೆ. ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮೊದಲು ಎರಡು, ಸಂಜೆ ಎರಡು, ನಡುವೆ ಒಂದು ನಿಮಿಷ ಬಿಟ್ಟು. ಹೀಗೆ ಏಳು ದಿನ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ ತೆಗೆಯಬೇಕು. ಮನೆಯ ಸರಾಸರಿ 135/85 ಎಂದರೆ ಕ್ಲಿನಿಕ್ಕಿನ 140/90ಕ್ಕೆ ಸಮ. ಮೊದಲ ದಿನ ಎರಡೂ ತೋಳು ನೋಡಿ. ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಿ. ಎರಡರ ನಡುವೆ ಪದೇಪದೇ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಅದರಲ್ಲೂ ಕೈ ದುಡಿಸುವಾಗ ತಲೆ ಸುತ್ತುತ್ತದೆಂದರೆ, ತೋಳಿಗೆ ಹೋಗುವ ರಕ್ತನಾಳ ಕಿರಿದಾಗಿರಬಹುದು. ವೈದ್ಯರಿಗೆ ಆ ಮಾತನ್ನು ಒತ್ತಿ ಹೇಳಿ.

ಇಷ್ಟಕ್ಕೇ ನಿಲ್ಲಿಸಿದರೆ ತಲೆಸುತ್ತಿನ ಕಾರಣ ಕೈಗೆ ಸಿಗದೆ ಹೋಗುತ್ತದೆ. ಹುಡುಕುತ್ತಿರುವ ವಿಷಯ ಇರುವುದು ನಿಂತ ಅಳತೆಯಲ್ಲಿ. ಪಟ್ಟಿ ಕಟ್ಟಿಕೊಂಡೇ ಐದು ನಿಮಿಷ ಚಾಪೆ ಅಥವಾ ಮಂಚದ ಮೇಲೆ ಅಂಗಾತ ಮಲಗಿ. ಬಿಪಿ, ನಾಡಿ ಎರಡನ್ನೂ ಬರೆಯಿರಿ. ಎದ್ದು ನಿಂತು ಒಂದನೇ ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಒಮ್ಮೆ ಗುಂಡಿ ಒತ್ತಿ. ನಿಂತಾಗ ಕೈಯನ್ನು ಇಳಿಬಿಡಬಾರದು, ಇಳಿಬಿಟ್ಟರೆ ಅಂಕಿ ಏರಿ ನಿಜವಾದ ಕುಸಿತ ಮುಚ್ಚಿಹೋಗುತ್ತದೆ. ಮುಂಗೈಯನ್ನು ಎದೆಮಟ್ಟದ ಕಪಾಟಿನ ಮೇಲೋ ಕಿಟಕಿಯ ದಂಡೆಯ ಮೇಲೋ ಇರಿಸಿ, ಇಲ್ಲವೇ ಮನೆಯವರು ಹಿಡಿದುಕೊಳ್ಳಲಿ. ಬೀಳುವ ಭಯ ಇರುವವರ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಕಣ್ಣು ಕತ್ತಲೆ ಬಂದರೆ ಅಂಕಿಗಾಗಿ ಕಾಯದೆ ಮಲಗಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗಿನ ಬಿಪಿ ಕುಸಿತ. ಕೂತಾಗ 150, ನಿಂತಾಗ 115 ಬರುವವರು ಇದ್ದಾರೆ. ಅವರಿಗೆ ಕೂತ ಅಂಕಿ ಮಾತ್ರ ನೋಡಿ ಮಾತ್ರೆ ಏರಿಸಿದರೆ ಸೊಂಟ ಮುರಿದುಕೊಳ್ಳುವವರೆಗೂ ಕಾರಣ ತಿಳಿಯುವುದಿಲ್ಲ.

ಜೊತೆಗೆ ಬರೆದ ನಾಡಿಯನ್ನು ಕಡೆಗಣಿಸಬೇಡಿ, ನರರೋಗ ತಜ್ಞರು ಮೊದಲು ನೋಡುವುದು ಅದನ್ನೇ. ನೀರು ಸಾಲದೆಯೋ ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೋ ಬಿಪಿ ಬಿದ್ದರೆ ಹೃದಯ ಓಡಿ ಸರಿದೂಗಿಸಲು ನೋಡುತ್ತದೆ, ನಾಡಿ 15, 20 ಏರುತ್ತದೆ. ಬಿಪಿ 30 ಬಿದ್ದರೂ ನಾಡಿ ನಾಲ್ಕೈದು ಮಾತ್ರ ಏರಿತೆಂದರೆ ಆ ಆಜ್ಞೆ ಕೊಡುವ ನರಗಳೇ ಸೋತಿರುವ ಸಂಶಯ. ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಮತ್ತು ಅದರ ಸಂಬಂಧಿ ರೋಗಗಳಲ್ಲಿ ಹೀಗಾಗುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಾತ್ರೆಯೇ ನಾಡಿಯನ್ನು ಹಿಡಿದಿಟ್ಟಿರುತ್ತದೆ. ಆದ್ದರಿಂದ ಮಾತ್ರೆಯ ಹೆಸರಿಲ್ಲದ ಪುಸ್ತಕದಿಂದ ತಜ್ಞರಿಗೆ ಅರ್ಧ ಉಪಯೋಗ.

ಈ ನಿಂತ ಅಳತೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಮಾತ್ರೆ ನುಂಗಿ ಎರಡು ಮೂರು ಗಂಟೆಗೆ ಒಮ್ಮೆ, ಮಧ್ಯಾಹ್ನ ಹೊಟ್ಟೆತುಂಬ ಅನ್ನ ಉಂಡ ಒಂದು ಗಂಟೆಗೆ ಒಮ್ಮೆ ಮಾಡಿ. ಊಟದ ನಂತರ ರಕ್ತ ಕರುಳಿನ ಕಡೆ ಸರಿದು ವಯಸ್ಸಾದವರಲ್ಲಿ ಬಿಪಿ ಇಳಿಯುತ್ತದೆ. ಬಚ್ಚಲಿನ ಹಂಡೆಯ ಸುಡುನೀರಿನ ಸ್ನಾನವೂ ಅದೇ ಕೆಲಸ ಮಾಡುತ್ತದೆ, ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಮಳೆಗಾಲದಲ್ಲಿ ಬಚ್ಚಲಲ್ಲಿ ಬಿದ್ದವರನ್ನು ಜಾರಿ ಬಿದ್ದರೆಂದು ಸುಮ್ಮನಾಗದೆ ಒಮ್ಮೆ ನಿಲ್ಲಿಸಿ ಅಳೆಯಿರಿ. ಅಡಿಕೆ ಸುಲಿಯುವ ಹಂಗಾಮಿನಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಥಟ್ಟನೆ ಏಳುವಾಗಿನ ಕಣ್ಣುಗತ್ತಲೆಗೂ ಇದೇ ಪರೀಕ್ಷೆ. ಅಡಿಕೆ ಗೊನೆ ತೆಗೆಯಲು ಮರ ಹತ್ತುವವರಲ್ಲಿ ಕುಸಿತ ಕಂಡರೆ ಅದು ಸರಿಯಾಗುವವರೆಗೆ ಮರ ಹತ್ತಿಸಲೇಬೇಡಿ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್, ಬಿಪಿಗೆ ಕೊಡುವ ಪ್ರಜೋಸಿನ್ ಈ ಕುಸಿತಕ್ಕೆ ಹೆಸರಾದವು, ಪ್ರಜೋಸಿನ್ನಿನ ಮೊದಲ ಗುಳಿಗೆಗೇ ಪ್ರಜ್ಞೆ ತಪ್ಪುವುದುಂಟು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬಾರದು. ಕ್ಲೊನಿಡಿನ್ ಎಂಬ ಬಿಪಿ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲಕ್ಕೆ ಚಿಮ್ಮುತ್ತದೆ, ಅಟೆನೊಲಾಲ್ ಗುಂಪಿನದ್ದೂ ಹಾಗೆಯೇ. ಮಳೆಗೆ ದಾರಿ ಮುಚ್ಚಿ ವಾರಗಟ್ಟಲೆ ಪೇಟೆಗೆ ಹೋಗಲಾಗದ ಊರಿನವರು ಜೂನ್‌ಗೆ ಮೊದಲೇ ತಿಂಗಳ ಮಾತ್ರೆ ಹೆಚ್ಚಾಗಿ ತಂದಿಟ್ಟುಕೊಳ್ಳುವುದು ಕ್ಷೇಮ.

ತಲೆಸುತ್ತಿನ ಎಲ್ಲ ಕಾರಣವನ್ನೂ ಯಂತ್ರ ಹಿಡಿಯಲಾರದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವು ಕ್ಷಣ ಮನೆಯ ಸೂರು ತಿರುಗಿದಂತಾಗಿ ತಾನೇ ನಿಂತುಹೋದರೆ ಅದು ಬಹುಪಾಲು ಒಳಕಿವಿಯ ಹರಳು ಜಾರಿದ್ದು. ಕಿವಿ ಮೂಗು ಗಂಟಲು ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಸರಿಪಡಿಸುತ್ತಾರೆ. ಅದಕ್ಕೆ ಎಂಆರ್‌ಐ ಖರ್ಚು ಬೇಕಿಲ್ಲ.

ಗೊಂದಲ, ತೂರಾಟ, ವಾಕರಿಕೆ ಕೆಲವು ವಾರಗಳಲ್ಲಿ ಬೆಳೆದರೆ ರಕ್ತಪರೀಕ್ಷೆ ಮೊದಲು. ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್, ಇಂಡಪಮೈಡ್ ಎಂಬ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳು ಸೋಡಿಯಂ ಇಳಿಸುತ್ತವೆ, ವಯಸ್ಸಾದ ತೆಳ್ಳಗಿನ ಹೆಂಗಸರಲ್ಲಿ ಇನ್ನೂ ಹೆಚ್ಚು. ಮಾತ್ರೆಯ ಹಾಳೆಯ ಹಿಂದೆ ಟೆಲ್ಮಿಸಾರ್ಟನ್ (ಇನ್ನೊಂದು ಬಿಪಿ ಔಷಧಿ) ಎಂದು ದಪ್ಪಕ್ಷರದಲ್ಲಿದ್ದು ಜೊತೆಗೆ ಇವುಗಳಲ್ಲೊಂದು ಸಣ್ಣಕ್ಷರದಲ್ಲಿರಬಹುದು, ಪೂರ್ತಿ ಓದಿ. ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5 ಇರಬೇಕು. ಸೋಡಿಯಂ ಇಳಿದಿದೆಯೆಂದು ಅಪ್ಪೆಮಿಡಿ ಉಪ್ಪಿನಕಾಯಿ ಹೆಚ್ಚಿಸುವುದು ಪರಿಹಾರವಲ್ಲ, ಕಾರಣವಾದ ಮಾತ್ರೆಯನ್ನು ವೈದ್ಯರು ಬದಲಿಸಬೇಕು. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು, ಮೂತ್ರಪಿಂಡ ಸೋತವರು ಅದನ್ನು ಕೇಳದೆ ಬಳಸಬಾರದು. ಪೊಟ್ಯಾಸಿಯಂ ಏರಿದರೆ ಕಾಲು ಸೋಲುತ್ತದೆ, ಹೃದಯದ ತಾಳವೂ ತಪ್ಪುತ್ತದೆ.

ಜೋಮಿನಲ್ಲಿ ಜಾಗವೇ ಮಾತಾಡುತ್ತದೆ. ಎರಡೂ ಪಾದದಿಂದ ಶುರುವಾಗಿ ಮೇಲೇರಿದರೆ ರಕ್ತದ ಸಕ್ಕರೆ ಮತ್ತು ವಿಟಮಿನ್ ಬಿ12 ನೋಡಿಸಿ. ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕೊರತೆ ಸಾಮಾನ್ಯ. ರಾತ್ರಿ ಹೆಬ್ಬೆರಳಿನಿಂದ ಮಧ್ಯದ ಬೆರಳವರೆಗೆ ಜೋಮು ಹಿಡಿದು, ಕೈ ಕೊಡವಿದರೆ ಹೋದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುತ್ತದೆ, ನರವಾಹಕ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮುಖ, ಕೈ, ಕಾಲು ಒಂದೇ ಬದಿಯಾದರೆ ಮಿದುಳು. ಆಗ ಮೇಲೆ ಹೇಳಿದ ಗಡಿಯಾರದ ನಿಯಮವೇ.

ನಮ್ಮ ಶಿವಮೊಗ್ಗ ಜಿಲ್ಲೆಗೇ ಸೇರಿದ ಇನ್ನೊಂದು ಎಚ್ಚರಿಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಬಿಪಿ ಇಳಿಯುತ್ತದೆ. ಡಿಸೆಂಬರಿನಿಂದ ಮೇವರೆಗೆ ದರಗು (ಒಣಗಿದ ಎಲೆ), ಸೌದೆಗೆ ಕಾಡಿಗೆ ಹೋಗುವ ಬಿಪಿ ರೋಗಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದು, ಸದಾ 140 ಇರುತ್ತಿದ್ದ ಯಂತ್ರ 100 ತೋರಿಸಿದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡಿತೆಂದು ಸಂತೋಷಪಡಬೇಡಿ. ಆವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಿಪಿ ಮಾತ್ರೆ ಮುಂದುವರಿಸಬೇಕೇ ಎಂದು ಅಲ್ಲೇ ಕೇಳಿ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಹತ್ತರಿಂದ ಇಪ್ಪತ್ತು ಶೇಕಡಾ ರೋಗಿಗಳಲ್ಲಿ ಜ್ವರ ಬಿಟ್ಟು ಮೂರನೇ ವಾರದ ಹೊತ್ತಿಗೆ ಎರಡನೇ ಸುತ್ತು ಬರುತ್ತದೆ: ತೀವ್ರ ತಲೆನೋವು, ನಡುಕ, ಮತಿಭ್ರಮೆ, ದೃಷ್ಟಿ ಮಂಜಾಗುವುದು. ಜ್ವರದ ವಿಷಯ ಹೇಳದಿದ್ದರೆ ದೂರದೂರಿನ ತಜ್ಞರು ಇದನ್ನು ಊಹಿಸುವುದು ಕಷ್ಟ.

ಮನೆಯ ಅಳತೆಗೂ ಕ್ಲಿನಿಕ್ಕಿನ ಅಳತೆಗೂ ತಾಳೆಯಾಗದಿದ್ದರೆ ವೈದ್ಯರು 24 ಗಂಟೆಯ ಬಿಪಿ ದಾಖಲೆ ಕೇಳುತ್ತಾರೆ. ಸೊಂಟಕ್ಕೆ ಕಟ್ಟಿದ ಯಂತ್ರ ಹಗಲು 15ರಿಂದ 30 ನಿಮಿಷಕ್ಕೊಮ್ಮೆ, ರಾತ್ರಿ ಇನ್ನೂ ವಿರಳವಾಗಿ ಅಳೆಯುತ್ತದೆ. ಪಟ್ಟಿ ಉಬ್ಬುವಾಗ ಕೈ ಅಲುಗಿಸಿದರೆ ಆ ಅಳತೆ ಹಾಳು, ಹಗಲಿನ 20 ಮತ್ತು ರಾತ್ರಿಯ 7 ಒಳ್ಳೆಯ ಅಳತೆಯಾದರೂ ಸಿಗದಿದ್ದರೆ ಮತ್ತೆ ಮಾಡಬೇಕು. ತಲೆ ಸುತ್ತಿದ ಹೊತ್ತು, ಮಲಗಿದ ಹೊತ್ತು, ಮಾತ್ರೆಯ ಹೊತ್ತು ಕೊಟ್ಟ ಹಾಳೆಯಲ್ಲಿ ತುಂಬದಿದ್ದರೆ ಗ್ರಾಫ್ ಮೂಕವಾಗಿಯೇ ಉಳಿಯುತ್ತದೆ. ನಿಂತಾಗ ಕುಸಿದು ಮಲಗಿದಾಗ ಏರುವ ಬಿಪಿಯನ್ನು ಇದು ಬಯಲು ಮಾಡುತ್ತದೆ, ಅಂಥವರಿಗೆ ಮಾತ್ರೆಯ ಸಮಯವನ್ನೇ ಬದಲಿಸಬೇಕಾಗಬಹುದು.

ಮಳೆನಾಡಿನಲ್ಲಿ ಯಂತ್ರ ಕೆಡುವುದು ತೇವದಿಂದ. ಪಟ್ಟಿಗೆ ಬೂಸ್ಟು ಹಿಡಿದು, ಅಂಟುವ ಬದಿಗೆ ನೂಲು ಸೇರಿ ಹಿಡಿತ ಸಡಿಲವಾಗುತ್ತದೆ. ಉಬ್ಬುವಾಗ ಚರ್ ಎಂದು ಬಿಟ್ಟುಕೊಂಡರೆ ಪಟ್ಟಿ ಬದಲಿಸುವ ಕಾಲ ಬಂದಿದೆ, ಯಂತ್ರ ಬದಲಿಸಬೇಕಿಲ್ಲ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟದ ಶಾಖ ಕೊಳವೆಯ ರಬ್ಬರನ್ನು ಬಿರುಸಾಗಿಸುತ್ತದೆ, ಅಲ್ಲಿ ಬೇಡ. ಕೊಳವೆಯನ್ನು ಯಂತ್ರಕ್ಕೆ ಬಿಗಿಯಾಗಿ ಸುತ್ತಿದರೆ ಬುಡದಲ್ಲಿ ಸೀಳುತ್ತದೆ. ಕರೆಂಟ್ ಏರಿಳಿಯುವ ಊರಲ್ಲಿ ಅಡಾಪ್ಟರಿಗಿಂತ ಆಲ್ಕಲೈನ್ ಸೆಲ್ ವಾಸಿ, ಬಳಸದ ದಿನಗಳಲ್ಲಿ ಸೆಲ್ ತೆಗೆದಿಡಿ. ವರ್ಷಕ್ಕೊಮ್ಮೆ ವೈದ್ಯರ ಬಳಿ ಒಯ್ದು ಒಂದೇ ತೋಳಿಗೆ ಅವರದೊಮ್ಮೆ, ನಿಮ್ಮದೊಮ್ಮೆ, ಮತ್ತೆ ಅವರದೊಮ್ಮೆ ಅಳೆಸಿ. ವ್ಯತ್ಯಾಸ ಪ್ರತಿಸಲ 5 ದಾಟಿದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಬೇಕು. ನಿಮ್ಹಾನ್ಸ್‌ಗೋ ಮಣಿಪಾಲಕ್ಕೋ ಹೋಗುವವರು ಅಳತೆಯ ಪುಸ್ತಕ, ಮಾತ್ರೆಗಳ ಖಾಲಿ ಹಾಳೆಗಳು, ಹಳೆಯ ಸ್ಕ್ಯಾನಿನ ಫಿಲ್ಮ್ ಅಥವಾ ಸಿಡಿ, ಮತ್ತು ಸಾಧ್ಯವಾದರೆ ತೊಂದರೆ ಬಂದ ಹೊತ್ತಿನಲ್ಲಿ ಮೊಬೈಲಿನಲ್ಲಿ ತೆಗೆದ ವಿಡಿಯೊ ಒಯ್ಯಿರಿ, ನಡಿಗೆಯನ್ನೂ ಮುಖವನ್ನೂ ಬೆಳಕಿರುವ ಕಡೆ ನಿಂತು ತೆಗೆದದ್ದಾಗಿರಲಿ.